ಅನಾಯಾಸದ ಮನೆತನ

ಹಯಗ್ರೀವನ ಮನೆತನದ ಗಂಡಸರು ಹಾಸಿಗೆ ಹಿಡಿದು ಸತ್ತವರಲ್ಲ. ಬೇರೆ ಮನೆಯ ಮುದುಕಿಯರು ಮಗನ ಸಂಬಳ, ಸೊಸೆಯ ತವರಿನ ಬೆಳ್ಳಿ ಅಂತ ಹೇಳಿಕೊಂಡು ತಿರುಗುವಾಗ ಅವನ ತಾಯಿ ಭಾಗ್ಯಲಕ್ಷ್ಮಮ್ಮ ಈ ಒಂದು ಮಾತನ್ನೇ ಹೇಳಿಕೊಂಡು ಮೂವತ್ತನಾಲ್ಕು ವರ್ಷ ಕಳೆದಿದ್ದರು. ಜೀವನ್ ಬಿಮಾ ನಗರದ ಆ ಬೀದಿಯಲ್ಲಿ ಅದನ್ನು ಕೇಳದವರು ಯಾರೂ ಇರಲಿಲ್ಲ. ಹೊಸದಾಗಿ ಬಂದ ಮೊಮ್ಮಗನ ಹೆಂಡತಿ ರಂಜನಾ ಒಬ್ಬಳು ಉಳಿದಿದ್ದಳು. ಅವಳಿಗೂ ಆ ವರ್ಷ ಪುಷ್ಯ ಮಾಸದಲ್ಲಿ, ಹಯಗ್ರೀವನ ತಂದೆಯ ಶ್ರಾದ್ಧದ ದಿನ ಕೇಳುವ ಯೋಗ ಬಂತು.

ಬ್ರಾಹ್ಮಣರ ಊಟ ಮುಗಿದು ಮನೆಯವರು ಎಲೆಗೆ ಕೂತಾಗ ಮೂರು ಗಂಟೆ ದಾಟಿತ್ತು. ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದ ಹಯಗ್ರೀವನ ಹೆಂಡತಿ ಅಂಬುಜಾ ಗಂಡನಿಗೆ, ಮಗನಿಗೆ, ಸೊಸೆಗೆ ಬಿಸಿ ವಡೆ ಬಡಿಸುತ್ತಿದ್ದಳು.

"ಊಟ ಮುಗಿಸಿ ಕೈ ತೊಳ್ಕೊಂಡ್ರು ನಿಮ್ಮ ತಾತ," ಅಜ್ಜಿ ಶುರುಮಾಡಿದರು. "ಎಲೆ ಅಡಿಕೆ ಹಾಕ್ಕೊಂಡ್ರು. ಗೋಡೆಗೆ ಒರಗಿ ಪೇಪರ್ ಬಿಡಿಸಿದ್ರು. ನಾನು ಒಳಗಿಂದ ಏನೋ ಕೇಳ್ದೆ, ಉತ್ತರ ಬರ್ಲಿಲ್ಲ. ಅಷ್ಟೇ. ನರಳಾಟ ಇಲ್ಲ, ಆಸ್ಪತ್ರೆ ಇಲ್ಲ, ಯಾರ ಕೈಲೂ ಒಂದು ಲೋಟ ನೀರು ತರಿಸ್ಕೊಳ್ಳಲಿಲ್ಲ. ಅನಾಯಾಸ ಮರಣ ಕಣಮ್ಮ. ಅದಕ್ಕೆ ಪುಣ್ಯ ಮಾಡಿರ್ಬೇಕು."

"ಚಿಕ್ಕಪ್ಪನೂ ಹಾಗೇ," ಹಯಗ್ರೀವ ಪಾಯಸ ಸುರಿಯುತ್ತ ಸೇರಿಸಿದ. "ಸಂಧ್ಯಾವಂದನೆಗೆ ಕೂತೋರು ಏಳ್ಲಿಲ್ಲ. ನಮ್ಮಣ್ಣ ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಲ್ಲಿ. ಬಸ್ ಬಂತು, ಅವನು ಏಳ್ಲಿಲ್ಲ."

ರಂಜನಾ ಸಾರನ್ನ ಕಲಸುತ್ತಿದ್ದಳು. "ಅಜ್ಜಿ, ತಾತಂಗೆ ಆಗ ವಯಸ್ಸೆಷ್ಟು?"

"ಐವತ್ತೊಂದು."

"ಚಿಕ್ಕತಾತಂಗೆ?"

"ನಲವತ್ತೊಂಬತ್ತು ನಡೀತಿತ್ತು."

"ದೊಡ್ಡಮಾವಂಗೆ?"

"ಐವತ್ನಾಲ್ಕು," ಅಂದ ಅವಳ ಗಂಡ ಭಾರ್ಗವ್, ವಡೆ ಮುರಿಯುತ್ತ.

ರಂಜನಾಳ ಕೈ ಎಲೆಯ ಮೇಲೆ ನಿಂತಿತು. "ಮಾವ, ನಿಮಗೀಗ?"

"ಐವತ್ತಾರು. ನಾನು ಗೆರೆ ದಾಟಿದೋನಮ್ಮ. ಈ ಮನೇಲಿ ಐವತ್ನಾಲ್ಕು ದಾಟಿದ ಮೊದಲನೇ ಗಂಡಸು. ಗಂಡಾಂತರ ಕಳೀತು." ಹಯಗ್ರೀವ ನಕ್ಕ. "ಇನ್ನು ಯಾವಾಗ ಹೋದ್ರೂ ಹೀಗೇ ವಡೆ ತಿಂದು ಒರಗೋ ಪುಣ್ಯ ಇದ್ರೆ ಸಾಕು. ಅಂಬುಜಾ, ಇನ್ನೊಂದು ಹಾಕು."

ಅಂಬುಜಾ ಹಾಕಿದಳು. ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಆ ಕಥೆಯ ಜೊತೆಗೇ ವಡೆ ಬಡಿಸಿದವಳು ಅವಳು. ಈ ವಯಸ್ಸುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು ಎಂದು ಒಂದು ವರ್ಷವೂ ಹೊಳೆದಿರಲಿಲ್ಲ.

ಅವರ ಮನೆ ಎರಡನೆಯ ಮಹಡಿಯಲ್ಲಿ, ಮೂವತ್ತಾರು ಮೆಟ್ಟಿಲು, ಲಿಫ್ಟ್ ಇಲ್ಲ. ಹಲಸೂರಿನ ವಿಮಾ ಕಚೇರಿಯಿಂದ ಗಂಡ ಬರುವ ಹೊತ್ತಿಗೆ ಅಂಬುಜಾ ಅಡುಗೆಮನೆಯಲ್ಲಿ ಇರುತ್ತಿದ್ದಳು. ಅವನ ಹೆಜ್ಜೆ ಅವಳಿಗೆ ಬಾಯಿಪಾಠ. ಮೊದಲೆಲ್ಲ ಮೂವತ್ತಾರೂ ಒಂದೇ ದಮ್ಮಿಗೆ ಕೇಳುತ್ತಿತ್ತು. ಕೆಲವು ತಿಂಗಳಿಂದ ಹದಿನೆಂಟಕ್ಕೆ ನಿಂತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಗುತ್ತಿತ್ತು. ಕೇಳಿದರೆ ಒಂದು ದಿನ "ಕೀ ಹುಡುಕ್ತಿದ್ದೆ" ಅನ್ನುತ್ತಿದ್ದ, ಇನ್ನೊಂದು ದಿನ "ಫೋನ್ ಬಂತು." ಕೀ ಮೂವತ್ತು ವರ್ಷದಿಂದ ಅವನ ಎಡಜೇಬಿನಲ್ಲೇ ಇತ್ತು. ಶ್ರಾದ್ಧ ಮುಗಿದ ಆ ವಾರ, ಹದಿನೆಂಟನೆಯ ಮೆಟ್ಟಿಲಿನ ಮೌನ ಕೇಳುತ್ತ ನಿಂತು ಅಂಬುಜಾ ಎರಡು ಸಲ ಒಗ್ಗರಣೆ ಸೀಯಿಸಿದಳು.

ರಂಜನಾ ಸುಮ್ಮನಿರುವ ಹುಡುಗಿಯಲ್ಲ. ಮುಂದಿನ ಭಾನುವಾರ ರಾತ್ರಿಯ ಚಪಾತಿಯ ಹೊತ್ತಿಗೆ ಮಾತು ತೆಗೆದಳು.

"ಮಾವ, ಇಂದಿರಾನಗರದ ಆಸ್ಪತ್ರೇಲಿ ಶನಿವಾರ ಹಾರ್ಟ್ ಚೆಕಪ್ ಮಾಡ್ತಾರೆ. ಬೆಳಿಗ್ಗೆ ಏನೂ ತಿನ್ನದೆ ಹೋಗ್ಬೇಕು, ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀರಿ. ನಿಮ್ಮದೂ ಭಾರ್ಗವ್‌ದೂ ಹೆಸರು ಕೊಡ್ಲಾ?"

"ನಂಗೇನಾಗಿದೆ?"

"ಏನೂ ಆಗಿಲ್ಲ. ಆಗೋಕೆ ಮುಂಚೆ ನೋಡ್ಕೊಳ್ಳೋದು ಅದು."

"ಇರಲಾರದೆ ಇರುವೆ ಬಿಟ್ಕೊಂಡ್ರಂತೆ," ಅಂದ ಹಯಗ್ರೀವ. "ಚೆನ್ನಾಗಿರೋನು ಹೋಗಿ ಕೂತ್ರೆ ಅವರು ಏನಾದ್ರೂ ಒಂದು ಹುಡುಕೇ ಹುಡುಕ್ತಾರೆ. ನಮ್ಮ ಆಫೀಸಲ್ಲಿ ಮಂಡಿನೋವು ಅಂತ ಹೋದೋನೊಬ್ಬ ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು ಬಂದ."

"ನನ್ನ ಹೆಸರೂ ಬೇಡ," ಭಾರ್ಗವ್ ಅಪ್ಪನ ನೆರಳಿಗೆ ಸರಿದ. "ನಂಗಿನ್ನೂ ಇಪ್ಪತ್ತೆಂಟು."

ಅವನಿಗೆ ಹಳೇ ಮದ್ರಾಸ್ ರಸ್ತೆಯ ಕಾರ್ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಕೆಲಸ. ರಂಜನಾ ಅವನ ಕಡೆ ತಿರುಗಿದಳು. "ಹತ್ತು ಸಾವಿರ ಕಿಲೋಮೀಟರಿಗೆ ಸರ್ವಿಸ್ ಮಾಡಿಸ್ಲಿಲ್ಲ ಅಂದ್ರೆ ಓನರ್‌ಗೆ ಬೈತೀರಲ್ಲ, ಆಗ ಗಾಡಿ ಕೆಟ್ಟಿರುತ್ತಾ?"

"ಗಾಡಿಗೆ ವಾರಂಟಿ ಇದೆ."

"ನಿಮಗಿಲ್ಲ. ಅದಕ್ಕೇ ಹೇಳ್ತಿರೋದು."

ಅಜ್ಜಿ ಲೋಟವನ್ನು ಸದ್ದಾಗುವಂತೆ ಕೆಳಗಿಟ್ಟರು. "ಶ್ರಾದ್ಧ ಮುಗಿದು ವಾರ ಆಗಿಲ್ಲ, ಅಪಶಕುನದ ಮಾತು ಆಡ್ತೀಯಲ್ಲೇ. ನನ್ನ ಮಗನಿಗೆ ಕಾಯಿಲೆ ಹುಡುಕೋಕೆ ನೀನು ಈ ಮನೆಗೆ ಬಂದಿದ್ದಾ?"

ರಂಜನಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಜೋರಾಗಿ ಬಿಟ್ಟುಕೊಂಡ ಸದ್ದು ಕೇಳಿಸಿತು. ಅಂಬುಜಾ ಆ ಕಡೆಗೂ ಸೇರಲಿಲ್ಲ, ಈ ಕಡೆಗೂ ಸೇರಲಿಲ್ಲ. "ಚಪಾತಿ ಆರ್ತಿದೆ, ತಿನ್ನಿ," ಎಂದಳು. ಹಾಗೆಂದದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಮಾತಿನಲ್ಲಿ ಆಗದ್ದನ್ನು ಅವಳು ಸೌಟಿನಲ್ಲಿ ಮಾಡಲು ಹೊರಟಳು. ಮರುದಿನದಿಂದ ಪಲ್ಯಕ್ಕೆ ಎಣ್ಣೆ ಅರ್ಧವಾಯಿತು. ಹಪ್ಪಳದ ಡಬ್ಬಿ ಅಟ್ಟಕ್ಕೆ ಹೋಯಿತು. ಉಪ್ಪಿನಕಾಯಿ ಜಾಡಿ ಎಲ್ಲಿದೆಯೆಂದು ಕೇಳಿದರೆ "ಮುಗೀತು" ಅನ್ನುವಳು.

"ಏನಿದು ಸಾರು?" ಮೂರನೆಯ ದಿನ ಹಯಗ್ರೀವ ಕೇಳಿದ. "ಬಾಣಂತಿಗೆ ಮಾಡಿದ್ದಾ?"

"ಬಾಣಂತಿಗೆ ತುಪ್ಪ ಹಾಕ್ತಾರೆ," ಎಂದು ಅಜ್ಜಿ ಸೊಸೆಯ ಬೆನ್ನಹಿಂದೆ ಮಗನ ಅನ್ನಕ್ಕೆ ಎರಡು ಚಮಚ ತುಪ್ಪ ಬಿಟ್ಟರು. "ನೀನು ತಿನ್ನಪ್ಪ."

ಮನೆಯಲ್ಲಿ ಕಡಿಮೆಯಾದದ್ದನ್ನು ಅವನು ಕಚೇರಿಯ ಎದುರಿನ ಗಾಡಿಯಲ್ಲಿ ಭರ್ತಿ ಮಾಡಿಕೊಳ್ಳುತ್ತಿದ್ದಾನೆಂದು ಹೇಳಿದವಳು ಕೆಲಸದ ಜಟ್ಟೆಮ್ಮ. ಯಾದಗಿರಿ ಕಡೆಯವಳು. ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಏಳಕ್ಕೆ ಬಂದು ಪಾತ್ರೆ, ಬಟ್ಟೆ ಮುಗಿಸಿ ಹೋಗುವವಳು.

"ಅಮ್ಮಾರ, ಸಾಹೇಬ್ರ ಅಂಗಿ ಕಿಸೇದಾಗ ಏನೈತಿ ನೋಡ್ರಿ," ಎಂದು ಎರಡು ಬೆರಳಲ್ಲಿ ಎಣ್ಣೆ ಕಾಗದ ಹಿಡಿದು ತಂದಳು. "ಭಜಿ ಕಟ್ಟಿದ್ದು. ನಾಕು ತಿಂದಾರ, ಒಂದರ ಪುಡಿ ಇನ್ನಾ ಐತಿ."

ಅಂಬುಜಾಳಿಗೆ ನಗುವೂ ಬಂತು, ಅಳುವೂ ಬಂತು.

ಆ ಬೆಳಿಗ್ಗೆ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಎಣ್ಣೆ ಕಾಗದದ ಮಾತಿನಿಂದ ಅನ್ನದ ಋಣ, ಅಲ್ಲಿಂದ ಆಯುಸ್ಸು, ಅಲ್ಲಿಂದ ತಮ್ಮ ಗಂಡನ ಅನಾಯಾಸ ಮರಣಕ್ಕೆ ಬಂದರು. ಜಟ್ಟೆಮ್ಮ ಕುಕ್ಕರಿನ ತಳ ಉಜ್ಜುತ್ತಲೇ ಪೂರ್ತಿ ಕೇಳಿಸಿಕೊಂಡಳು.

"ಸತ್ತೋರಿಗಿ ಆರಾಮಾತು, ಖರೆ ಅದ ಅಮ್ಮಾ," ಅಂದಳು. "ಉಳದೋರಿಗಿ?"

"ಹಾಗಂದ್ರೆ?"

"ನಮ್ಮ ಮಾವನೂ ಹಂಗ ಹ್ವಾದ್ರಿ. ಹೊಲದಾಗ ಬುತ್ತಿ ಬಿಚ್ಚಿದಾಂವ ಒಂದು ತುತ್ತೂ ಉಣ್ಣಲಿಲ್ಲ. ನಮ್ಮತ್ತಿಗಿ ಮೂರು ಮಕ್ಕಳು. ನನ್ನ ಗಂಡ ಮಾನಪ್ಪ ಇನ್ನಾ ತೊಟ್ಟಿಲದಾಗ ಇದ್ದ. ಕಂಡೋರ ಹೊಲದಾಗ ಕಳೆ ತಗದು ಸಾಕಿದಳು. ನಮ್ಮ ಕಡಿ ಅದಕ್ಕ ಪುಣ್ಯ ಅನ್ನಂಗಿಲ್ರಿ. 'ಹೇಳದ ಹ್ವಾದ' ಅಂತ ಬೈತಾರ. ಅಕಿ ಸಾಯೋತನಕ ಬೈದಳು. ಒಂದು ಮಾತು ಹೇಳಿದ್ರ ನಾ ಏನಾರ ಮಾಡ್ತಿದ್ನೆಲ್ಲ, ಹೇಳದ ಹ್ವಾದ, ಹೇಳದ ಹ್ವಾದ, ಅಂತ."

ಸ್ವಲ್ಪ ಹೊತ್ತಿನ ಮೇಲೆ ಅಂಬುಜಾ ತಿರುಗಿ ನೋಡಿದರೆ, ಅತ್ತೆ ಸೊಪ್ಪನ್ನು ಕಸಕ್ಕೂ ಕಡ್ಡಿಯನ್ನು ಪಾತ್ರೆಗೂ ಹಾಕುತ್ತಿದ್ದರು.

"ಅತ್ತೆ?"

"ಕಣ್ಣು ಕಾಣಲ್ಲ ಈಗೀಗ," ಎಂದು ಎದ್ದು ಕೋಣೆಗೆ ಹೋದರು. ಮಧ್ಯಾಹ್ನ ಹಸಿವಿಲ್ಲ ಅಂದರು. ಆಮೇಲೆ ಮೊಸರವಲಕ್ಕಿಯನ್ನೂ ಮುಟ್ಟಲಿಲ್ಲ. ಆ ದಿನದಿಂದ ಅವರ ಬಾಯಲ್ಲಿ ಆ ಕಥೆ ಬರಲಿಲ್ಲ. ಎದುರುಮನೆಯವರೇ ಎತ್ತಿದರೂ ಟೀವಿಯ ಸದ್ದು ಜೋರು ಮಾಡುತ್ತಿದ್ದರು.

ಮುಂದಿನ ವಾರ ರಿಜ್ವಾನ್ ಬಂದ. ಶಿವಾಜಿನಗರದವನು, ವಿಮಾ ಏಜೆಂಟ್, ಇಪ್ಪತ್ತು ವರ್ಷದಿಂದ ಹಯಗ್ರೀವನ ಕಚೇರಿಗೆ ಪಾಲಿಸಿ ತರುವವನು. ಹೊಸ ಪಾಲಿಸಿಯ ಅರ್ಜಿಗಳನ್ನು ನೋಡಿ ಮುಂದಕ್ಕೆ ಕಳಿಸುವುದು, ಇಲ್ಲವೇ ತಡೆಯುವುದು ಹಯಗ್ರೀವನ ಕೆಲಸ. ರಿಜ್ವಾನ್ ಮಗಳ ಮದುವೆಯ ಕಾಗದ ಕೊಟ್ಟು, ಕಾಫಿ ಹಿಡಿದು ದೂರು ಶುರುಮಾಡಿದ.

"ಮೇಡಂ, ಸಾರ್ ನನ್ನ ಹೊಟ್ಟೆ ಮೇಲೆ ಹೊಡೀತಿದ್ದಾರೆ. ಕಾಕ್ಸ್ ಟೌನ್ ಪಾರ್ಟಿ ಒಬ್ಬ, ನಲವತ್ತು ವಯಸ್ಸು, ಪೈಲ್ವಾನ್ ಥರಾ ಇದ್ದಾನೆ. ಅವರಪ್ಪ ಐವತ್ತೆರಡಕ್ಕೆ ಹೋದ್ರು, ಕಾರಣ ಸಹಜ ಸಾವು ಅಂತ ಬರ್ದಿದ್ದ. ಅಷ್ಟಕ್ಕೇ ಇವ್ರು ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಟ್ರೆಡ್‌ಮಿಲ್ ಟೆಸ್ಟ್ ಮಾಡಿಸ್ಕೊಂಡು ಬಾ ಅಂದ್ರು. ಅವ್ನು ಸಿಟ್ಟಾಗಿ ನನ್ನ ಫೋನೇ ಎತ್ತಲ್ಲ."

"ಐವತ್ತೆರಡಕ್ಕೆ ಸಹಜ ಸಾವು ಅಂತ ಯಾವುದೂ ಇಲ್ಲ ರಿಜ್ವಾನ್," ಹಯಗ್ರೀವ ಕುರ್ಚಿಗೆ ಒರಗಿ ಹೇಳಿದ. ಕೆಲಸದ ಮಾತು ಬಂದರೆ ಅವನಿಗೆ ಒಂದು ಗತ್ತು. "ಅದು ಫಾರ್ಮ್ ಬರೆಯೋರ ಸೋಮಾರಿತನ. ಎದೆನೋವು ಅಂತ ಬರೆಯೋಕೆ ಕೈ ಬರಲ್ಲ, ಸಹಜ ಅಂತ ಬರೀತಾರೆ. ಮೂವತ್ತು ವರ್ಷ ನೋಡಿದ್ದೀನಿ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಎಲ್ಲಿ ಕೂತಿದ್ದೇನೆಂದು ನೆನಪಾಯಿತು. ಅಂಬುಜಾ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಕೋಣೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ರಿಜ್ವಾನ್ ಒಬ್ಬನೇ ಏನೂ ಗೊತ್ತಿಲ್ಲದೆ "ಬಿರಿಯಾನಿ ಬೇಡ ಅಂದ್ರೆ ವೆಜ್ ಸಪರೇಟ್ ಇದೆ ಮೇಡಂ, ಬರ್ಲೇಬೇಕು," ಎನ್ನುತ್ತಿದ್ದ.

ಅವನು ಮೆಟ್ಟಿಲಿಳಿದ ಮೇಲೆ ಅಂಬುಜಾ ಕೇಳಿದಳು. "ನಿಮ್ಮ ಪಾಲಿಸಿ ಮಾಡಿಸಿದಾಗ ಮಾವನವರ ಕಾಲಂನಲ್ಲಿ ಏನು ಬರೆದ್ರಿ?"

"ಈಗ್ಯಾಕೆ ಅದು?"

"ಹೇಳಿ."

"ಸಹಜ ಸಾವು."

"ಆ ಫಾರ್ಮ್ ಇವತ್ತು ನಿಮ್ಮ ಮೇಜಿನ ಮೇಲೆ ಬಂದಿದ್ರೆ?"

"ಅದು ಆಫೀಸು, ಇದು ಮನೆ."

"ಎರಡು ಕಡೆಗೂ ಹೊತ್ಕೊಂಡು ಹೋಗೋ ಎದೆ ಒಂದೇ ಅಲ್ವೇನ್ರಿ?"

ಹಯಗ್ರೀವ ಎದ್ದು ನಿಂತ. ದನಿ ಏರಿಸುವ ಗಂಡಸಲ್ಲ ಅವನು. ಅವತ್ತು ಏರಿಸಿದ. "ಆಸ್ಪತ್ರೆಗೆ ಬರಲ್ಲ ಅಂದ್ರೆ ಬರಲ್ಲ. ಅತ್ತೆ ಸೊಸೆ ಸೇರ್ಕೊಂಡು ನನ್ನನ್ನ ರೋಗಿ ಮಾಡ್ತಿದ್ದೀರಿ. ಇನ್ನೊಂದು ಸಲ ಈ ಮಾತು ಎತ್ತಿದ್ರೆ ಈ ಮನೇಲಿ ನಾನು ಅನ್ನ ಮುಟ್ಟಲ್ಲ."

ಹೇಳಿದಂತೆ ಮಾಡಿದ. ಮೂರು ದಿನ ಹೊರಗೆ ತಿಂದು ಬಂದ. ಅಂಬುಜಾ ಮಾಡಿದ ಅಡುಗೆ ಮುಚ್ಚಿಟ್ಟಂತೆಯೇ ಇರುತ್ತಿತ್ತು. ಬೆಳಿಗ್ಗೆ ಜಟ್ಟೆಮ್ಮನ ಡಬ್ಬಿಗೆ ಹೋಗುತ್ತಿತ್ತು. ಭಾರ್ಗವ್ ಅಪ್ಪನ ಪರವೆಂದು ರಂಜನಾ ಅವನೊಡನೆ ಮಾತು ಬಿಟ್ಟಳು. ಅವನ ಪ್ಯಾಂಟಿನ ಜೇಬಲ್ಲಿ ಸಿಗರೇಟ್ ಪ್ಯಾಕ್ ಸಿಕ್ಕಿ ಆ ಮೌನಕ್ಕೆ ಇನ್ನೂ ಒಂದು ಕಾ‌ರಣವಾಯಿತು. ಐದು ಜನರ ಮನೆಯಲ್ಲಿ ಕುಕ್ಕರ್ ಮಾತ್ರ ಕೂಗುತ್ತಿತ್ತು. ಅಂಬುಜಾ ಸಂಜೆಯ ಹೊತ್ತು ಅಡುಗೆಮನೆಯಲ್ಲಿ ಕೆಲಸವಿಲ್ಲದಿದ್ದರೂ ನಿಂತಿರುತ್ತಿದ್ದಳು. ಹದಿನಾರು, ಹದಿನೇಳು, ಹದಿನೆಂಟು. ಮೌನ. ಹತ್ತೊಂಬತ್ತು ಕೇಳುವತನಕ ಅವಳೂ ಉಸಿರು ಬಿಡುತ್ತಿರಲಿಲ್ಲ.

ಭಾನುವಾರ ಅವನ ಹಟ ಹಿತಕಿದ ಬೇಳೆಯ ಮುಂದೆ ಸೋತಿತು. ಅವರೆಕಾಯಿ ಸುಲಿದು, ನೆನೆಸಿ, ಹಿತುಕಿ, ಗಸಗಸೆ ಹಾಕಿ ಅಂಬುಜಾ ಸಾರು ಮಾಡಿದ್ದಳು. ವಾಸನೆ ಹಿಡಿದು ತಾನಾಗಿ ಬಂದು ಕೂತ. ಒಂದು ಮಾತೂ ಆಡದೆ ಮೂರು ಸಲ ಬಡಿಸಿಕೊಂಡ. ಅವಳೂ ಲೆಕ್ಕ ಕೇಳಲಿಲ್ಲ. ತಿನ್ನಲಿ, ಮನೆಯಲ್ಲಿ ತಿಂದನಲ್ಲ ಎಂದುಕೊಂಡಳು.

ನಾಲ್ಕು ಗಂಟೆಯ ಹೊತ್ತಿಗೆ ಸೋಫಾದಲ್ಲಿ ಕೂತು ಎದೆ ಉಜ್ಜಿಕೊಳ್ಳುತ್ತ ಕೂಗಿದ. "ಅಮ್ಮಾ, ಸ್ವಲ್ಪ ಓಂಕಾಳು ಕಷಾಯ ಮಾಡ್ಕೊಡಮ್ಮ. ಎದೆ ಉರೀತಿದೆ. ಗ್ಯಾಸು."

ಓಂಕಾಳು ಕಷಾಯ ಆ ಮನೆಯಲ್ಲಿ ಅಜ್ಜಿಯ ಇಲಾಖೆ. ಎಂಬತ್ತರಲ್ಲೂ ಅದನ್ನು ಬೇರೆಯವರ ಕೈಗೆ ಬಿಟ್ಟವರಲ್ಲ. ಕೂಗಿದ ಕೂಡಲೇ ಎದ್ದು ಬಂದರು, ಒಲೆಗೆ ನೀರಿಟ್ಟರು, ಡಬ್ಬಿ ತೆಗೆದರು. ಚಿಟಿಕೆ ಕೈಯಲ್ಲಿ ಹಿಡಿದು ಹಾಗೇ ನಿಂತರು. ನೀರು ಕುದಿಯಿತು. ಅಂಬುಜಾ ನೋಡುತ್ತಲೇ ಇದ್ದಳು.

"ಆಯ್ತಾಮ್ಮ?" ಹೊರಗಿಂದ ಹಯಗ್ರೀವ.

"ಮಾಡಲ್ಲ," ಅಂದರು ಅಜ್ಜಿ.

"ಏನು?"

ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದು ಮಗನ ಮುಂದೆ ನಿಂತರು. "ಮಾಡಲ್ಲ ಕಣೋ. ನಿಮ್ಮಪ್ಪನೂ ಇದೇ ಮಾತು ಹೇಳಿದ್ರು. ಎದೆ ಉರಿ, ಗ್ಯಾಸು, ಕಷಾಯ ಮಾಡು ಅಂತ. ಮೂರು ದಿನ ಹೇಳಿದ್ರು. ಬೆನ್ನಿನ ತನಕ ಎಳೀತಿದೆ ಕಣೆ ಅಂದ್ರು. ನಾನು ಮೂರು ದಿನ ಕಷಾಯ ಕೊಟ್ಟೆ. ನಾಲ್ಕನೇ ದಿನ ಊಟಕ್ಕೆ ಕೂತಾಗ ಮೈಯೆಲ್ಲ ಬೆವರು, ಬನಿಯನ್ ಒದ್ದೆ. ಸೆಕೆ ಇರ್ಬೇಕು ಅಂತ ಕಿಟಕಿ ತೆಗೆದೆ. ಪುಷ್ಯ ಮಾಸದಲ್ಲಿ ಎಲ್ಲಿಯ ಸೆಕೆ?"

ಭಾರ್ಗವ್ ಫೋನ್ ಕೆಳಗಿಟ್ಟ. ರಂಜನಾ ಕೋಣೆಯ ಬಾಗಿಲಿಗೆ ಬಂದಳು.

"ನೀನು ಮೈಸೂರಲ್ಲಿ ಓದ್ತಿದ್ದೆ. ಬಂದು ಏನಾಯ್ತಮ್ಮ ಅಂತ ಕೇಳ್ದೆ. ಅನಾಯಾಸವಾಗಿ ಹೋದ್ರು ಅಂದೆ. ಬಂದೋರಿಗೆಲ್ಲ ಅದನ್ನೇ ಹೇಳ್ದೆ. ಹಾಗೆ ಹೇಳ್ದೆ ಇದ್ದಿದ್ರೆ ನಾನು ಹೇಗೋ ಬದುಕ್ತಿದ್ದೆ?" ಲೆಕ್ಕ ಒಪ್ಪಿಸುವವರ ಹಾಗೆ ಹೇಳುತ್ತಿದ್ದರು. "ಜಟ್ಟೆಮ್ಮನ ಮಾವ ಹೇಳದೆ ಹೋದನಂತೆ. ನಿಮ್ಮಪ್ಪ ಹೇಳದೆ ಹೋಗ್ಲಿಲ್ಲ. ಹೇಳಿದ್ರು. ಕೇಳಿಸ್ಕೊಂಡು ಕಷಾಯ ಕೊಟ್ಟೋಳು ನಾನು. ಇನ್ನೊಂದು ಸಲ ಕೊಡಲ್ಲ."

ಒಳಗೆ ನೀರು ಬತ್ತಿ ಪಾತ್ರೆ ಚುರುಗುಟ್ಟಿತು. ಅಂಬುಜಾ ಹೋಗಿ ಒಲೆ ಆರಿಸಿದಳು. ಬಂದು ಅತ್ತೆಯ ಕೈಯಿಂದ ಡಬ್ಬಿ ತೆಗೆದುಕೊಂಡಳು.

"ಭಾರ್ಗವ್, ಗಾಡಿ ತೆಗಿ."

ಹಯಗ್ರೀವ ಬೇಡ ಅನ್ನಲಿಲ್ಲ. ಚಪ್ಪಲಿ ಹುಡುಕಿದ. ಎರಡು ತಿಂಗಳಿಂದ ಮನೆಯಿಂದ ಇಳಿಯದಿದ್ದ ಅಜ್ಜಿ ರಂಜನಾಳ ಭುಜ ಹಿಡಿದು ಮೂವತ್ತಾರು ಮೆಟ್ಟಿಲು ಇಳಿದರು. ಬೇಡವೆಂದರೂ ಕೇಳಲಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಹಯಗ್ರೀವ ಹೆಂಡತಿಗೆ ಮಾತ್ರ ಕೇಳುವಂತೆ ಹೇಳಿದ. "ಟೆಸ್ಟ್ ಮಾಡಿಸ್ಕೊಂಡು ಬಾ ಅಂತ ನಾನು ಕಳ್ಸಿದೋರು ವಾಪಸ್ ಬರ್ತಾರಲ್ಲ, ರಿಪೋರ್ಟ್ ಹಿಡ್ಕೊಂಡು. ಅವರ ಮುಖ ನೋಡಿದ್ದೀನಿ ಕಣೆ. ಆ ಮುಖ ನಂದಾಗೋದು ಬೇಡ ಅಂತಿದ್ದೆ."

"ಗೊತ್ತು," ಅಂದಳು ಅಂಬುಜಾ. "ಟೆಸ್ಟ್ ಮಾಡಿಸದೆ ಹೋಗ್ಬಿಡೋರ ಮುಖ ನೋಡ್ಬೇಕಾದೋರು ನಾವು."

ಇಂದಿರಾನಗರದ ಆಸ್ಪತ್ರೆಯಲ್ಲಿ ಕೂಡಲೇ ಮಲಗಿಸಿ ಇಸಿಜಿ ತೆಗೆದರು, ರಕ್ತ ತೆಗೆದರು. ಒಬ್ಬಳು ನರ್ಸ್ ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಬಂದಳು. ಎದೆಯ ಮೇಲಿನ ಪಟ್ಟಿಯಲ್ಲಿ ವಾಜಿದಾ ಎಂದಿತ್ತು.

"ಮನೇಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಂ ಇತ್ತಾ ಸಾರ್? ತಂದೆ, ಅಣ್ಣ ತಮ್ಮ?"

ಹಯಗ್ರೀವನ ಬಾಯಿ ಮೂವತ್ತು ವರ್ಷದ ಅಭ್ಯಾಸಕ್ಕೆ ತೆರೆಯಿತು. "ತಂದೆ, ಐವತ್ತೊಂದು. ಸಹಜ..." ಎಂದು ನಿಂತ.

"ಇತ್ತು, ಬರ್ಕೊಳಮ್ಮ," ಅಜ್ಜಿ ಬೆಂಚಿನಿಂದ ಹೇಳಿದರು. "ಮೂರು ದಿನ ಇತ್ತು. ನಾಲ್ಕನೇ ದಿನ ಹೋದ್ರು. ಅವರ ತಮ್ಮ ನಲವತ್ತೊಂಬತ್ತು. ಇವನ ಅಣ್ಣ, ನನ್ನ ದೊಡ್ಡ ಮಗ, ಐವತ್ನಾಲ್ಕು. ಎಲ್ಲ ಬರ್ಕೋ." ವಾಜಿದಾ ಬರೆದು ಮುಗಿಸುವತನಕ ಕಾದು, ಕಂಬಕ್ಕೆ ಒರಗಿದ್ದ ಮೊಮ್ಮಗನ ಕಡೆ ಬೆರಳು ಮಾಡಿದರು. "ಇವನಿಗೂ ಒಂದು ಕಾಗದ ಕೊಡು."

ಭಾರ್ಗವ್ ರಂಜನಾಳನ್ನು ನೋಡಿದ. ಅವಳು ಆಗಲೇ ಪೆನ್ ಚಾಚಿದ್ದಳು.

ಎರಡು ಗಂಟೆ ಬಿಟ್ಟು ಡಾಕ್ಟರ್ ಬಂದರು. ಇಸಿಜಿ ಸರಿಯಿದೆ, ರಕ್ತವೂ ಸರಿಯಿದೆ, ಇವತ್ತಿನ ಉರಿ ಬಹುಶಃ ಗ್ಯಾಸೇ ಅಂದರು.

"ನೋಡಿದ್ಯಾ," ಹಯಗ್ರೀವ ಹಾಸಿಗೆಯ ಮೇಲೆ ಎದ್ದು ಕೂತ. "ಹಿತಕಿದ ಬೇಳೆ. ನಾನು ಹೇಳ್ಲಿಲ್ವಾ?"

"ಗ್ಯಾಸು ಅಂತ ಹೇಳೋಕೆ ನನಗೇ ಎರಡು ಟೆಸ್ಟ್ ಬೇಕಾಯ್ತು ಸಾರ್," ಅಂದರು ಡಾಕ್ಟರ್. "ನೀವು ಸೋಫಾದಲ್ಲಿ ಕೂತು ಹೇಗೆ ಹೇಳಿದ್ರಿ?" ಕಾಗದದಲ್ಲಿ ವಾಜಿದಾ ಬರೆದ ಮೂರು ಸಾಲುಗಳ ಮೇಲೆ ಬೆರಳಿಟ್ಟರು. "ನಾನು ಇದಕ್ಕೆ ಹೆದರ್ತಿರೋದು. ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ?"

"ಇಲ್ಲ."

"ಹದಿನೆಂಟನೇ ಮೆಟ್ಟಿಲಲ್ಲಿ ನಿಲ್ತಾರೆ," ಅಂದಳು ಅಂಬುಜಾ. "ದಿನಾ. ಆರು ತಿಂಗಳಾಯ್ತು."

ಹಯಗ್ರೀವ ಹೆಂಡತಿಯ ಮುಖವನ್ನೇ ನೋಡಿದ. ಕೀಯ ಕಥೆಯನ್ನು ಅವಳು ಒಂದು ದಿನವೂ ನಂಬಿರಲಿಲ್ಲವೆಂದು ಅವನಿಗೆ ಗೊತ್ತಾದದ್ದು ಆಗ.

ಬುಧವಾರ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಐದು ನಿಮಿಷಕ್ಕೆ ನಿಲ್ಲಿಸಿ ಇಳಿಸಿದರು. ಮರುವಾರ ಒಳಗಿನ ರಕ್ತನಾಳಗಳ ಚಿತ್ರ ತೆಗೆದು ನೋಡಿದರೆ ಒಂದು ನಾಳ ಮುಕ್ಕಾಲು ಪಾಲಿಗಿಂತ ಹೆಚ್ಚು ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿ ಮೂರನೆಯ ದಿನ ಮನೆಗೆ ಕಳಿಸಿದರು. ಭಾರ್ಗವನಿಗೆ ಕೊಲೆಸ್ಟರಾಲ್ ಅಪ್ಪನಿಗಿಂತ ಹೆಚ್ಚಿತ್ತು. ಇದು ತಿಂದಿದ್ದರಿಂದ ಮಾತ್ರ ಬಂದಿದ್ದಲ್ಲ, ಮನೆತನದಲ್ಲಿ ಹರಿದು ಬಂದದ್ದು, ಇಪ್ಪತ್ತೆಂಟಕ್ಕೇ ಸಿಕ್ಕಿದ್ದು ಒಳ್ಳೆಯದಾಯಿತು, ಮಾತ್ರೆ ನುಂಗಬೇಕು, ಸಿಗರೇಟ್ ಬಿಡಬೇಕು ಎಂದರು. ಮೂರನೆಯ ದಿನ ಅವನೇ ಜೇಬಿನ ಪ್ಯಾಕನ್ನು ತಂದು ರಂಜನಾಳ ಮುಂದಿಟ್ಟ. ಅದರಲ್ಲಿ ಇನ್ನೂ ನಾಲ್ಕು ಇದ್ದವು.

ಮನೆ ಶಾಂತವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಉಪ್ಪಿಗೆ ಜಗಳ, ಬೆಳಗಿನ ನಡಿಗೆಗೆ ಜಗಳ, ಮಾತ್ರೆ ನುಂಗಿದಿರಾ ಎಂದು ಕೇಳಿದ್ದಕ್ಕೆ ಜಗಳ. "ಸ್ಟೆಂಟ್ ಹಾಕಿದ್ದು ಎದೆಗೆ, ನಾಲಿಗೆಗಲ್ಲ," ಎಂದು ಹಯಗ್ರೀವ ಗೊಣಗುತ್ತಿದ್ದ. ಅಜ್ಜಿ ಮಾತ್ರ ತುಪ್ಪದ ಚಮಚ ಮುಟ್ಟುತ್ತಿರಲಿಲ್ಲ. ರಿಜ್ವಾನನ ಮಗಳ ಮದುವೆಯಲ್ಲಿ ಹಯಗ್ರೀವ ಕಾಕ್ಸ್ ಟೌನ್ ಪಾರ್ಟಿಯನ್ನು ಹುಡುಕಿಕೊಂಡು ಹೋಗಿ, ಪಾಲಿಸಿಯ ಮಾತು ಎತ್ತದೆ, ತನ್ನ ಕಥೆಯನ್ನು ಅರ್ಧ ಗಂಟೆ ಹೇಳಿ ಬಂದ. ರಿಜ್ವಾನ್ ಪಕ್ಕದಲ್ಲಿ ನಿಂತು ಒದ್ದಾಡಿದ.

ಫೆಬ್ರವರಿಯ ಒಂದು ಸಂಜೆ ಅಂಬುಜಾ ಸಾರಿಗೆ ಬೇಳೆ ಕಡೆಯುತ್ತಿದ್ದಳು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಕೂತು, ರಂಜನಾ ನಂಬರು ಒತ್ತಿಕೊಟ್ಟ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಆ ಕಡೆ ಕೆ.ಆರ್. ಪುರದಿಂದ ವಿಶ್ರುತ್, ಬಸ್‌ಸ್ಟಾಪಿನಲ್ಲಿ ಹೋದ ದೊಡ್ಡ ಮಗನ ಮಗ. ಚಿಕ್ಕತಾತನ ಇಬ್ಬರು ಮೊಮ್ಮಕ್ಕಳಿಗೆ ಆಗಲೇ ಫೋನ್ ಮಾಡಿ ಆಗಿತ್ತು. ಅಜ್ಜಿಯ ಪಟ್ಟಿಯಲ್ಲಿ ಇವನೇ ಕೊನೆಯವನು.

"ನಿಂಗೇನೂ ಆಗಿಲ್ಲ ಅಂತ ನಂಗೂ ಗೊತ್ತು ಕಣೋ. ಆಗಿದ್ರೆ ಫೋನ್ ಮಾಡ್ತಿರ್ಲಿಲ್ಲ, ಗಾಡಿ ಕಳಿಸ್ತಿದ್ದೆ... ರಜಾ ಇಲ್ವಾ? ನಿಮ್ಮಪ್ಪನಿಗೂ ರಜಾ ಇರ್ಲಿಲ್ಲ. ಅದಕ್ಕೇ ಬಸ್ ಕಾಯ್ತಿದ್ದ... ಏನು? ಅನಾಯಾಸವಾಗಿ ಹೋದ್ರು ಅಂತ ನಾನೇ ಹೇಳಿದ್ನಾ?"

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಬಂತು. ಅಂಬುಜಾಳ ಕೈ ಕಡಗೋಲಿನ ಮೇಲೆ ನಿಂತಿತು. ಹದಿನೇಳು. ಹದಿನೆಂಟು. ಮೌನ.

"ನಿಂತಿದ್ದೀನಿ ಕಣೇ," ಕೆಳಗಿನಿಂದ ಹಯಗ್ರೀವ ಕೂಗಿದ. ಕೆಲವು ವಾರ ನಿಂತು ಹತ್ತಿ ಎಂದು ಡಾಕ್ಟರೇ ಹೇಳಿದ್ದರು. "ಸುಸ್ತೇನಿಲ್ಲ. ಸುಮ್ನೆ ನಿಂತಿದ್ದೀನಿ. ಬರ್ತೀನಿ."

"ಹ್ಞೂಂ, ನಿಧಾನ," ಎಂದು ಅವಳು ಮತ್ತೆ ಬೇಳೆ ಕಡೆದಳು.

ಅಜ್ಜಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಹೇಳಿದ್ದೆ, ತಪ್ಪಾಯ್ತು. ಅನಾಯಾಸ ಇನ್ನು ನಂಗಿರ್ಲಿ, ಎಂಬತ್ತಾಯ್ತು. ನೀನು ಸ್ವಲ್ಪ ಆಯಾಸ ಮಾಡ್ಕೊಂಡು ಶನಿವಾರ ಬೆಳಿಗ್ಗೆ ಏನೂ ತಿನ್ನದೆ ಬಾ."